ದಾರಿ ತೋರುವ ಕೈ

"ಹಾಜಿ, ಹುತಾತ್ಮ ವಗ್ದೀ ರಸ್ತೆ ಎಲ್ಲಿ ಬರುತ್ತೆ? ಫೋನು ಬೇರೆ ಸತ್ತುಹೋಗಿದೆ," ಎಂದು ಹೆಗಲಿಗೆ ಚೀಲ ಹಾಕಿದ್ದ ಹೆಂಗಸು ಬೆವರು ಒರೆಸಿಕೊಳ್ಳುತ್ತ ಕೇಳಿದಳು. ಇಸ್ತ್ರಿ ಅಂಗಡಿಯ ಬಯೂಮಿ ಹುಟ್ಟಿದಾಗಿನಿಂದ ಆ ಹೆಸರು ಕೇಳಿರಲಿಲ್ಲ. ಹಾಗಂತ ಅಂಗಡಿ ಮುಂದೆ ಬಂದು ನಿಂತವರನ್ನು ಬರಿಗೈಲಿ ಕಳಿಸುವುದುಂಟೆ? ಟಾಂಟಾ ಊರಿನಲ್ಲಿ ದಾರಿ ಕೇಳಿದವರಿಗೆ ಯಾರೂ 'ಗೊತ್ತಿಲ್ಲ' ಅಂದದ್ದಿಲ್ಲ. ಅವನ ಕೈ ತಾನಾಗಿಯೇ ಮೇಲೆದ್ದಿತು. "ನೇರ ಹೋಗಿ ತಾಯಿ. ಹುರಿಗಡಲೆ ಅಂಗಡಿ ದಾಟಿ ಬಲಕ್ಕೆ ತಿರುಗಿ. ಅಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ." "ಮನೆ ಯಾರದು ಅಂದ್ರೆ..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ, "ಹೊರಡಿ ಹೊರಡಿ, ಬಿಸಿಲು ಏರ್ತಿದೆ," ಎಂದು ಸಾಗಹಾಕಿ, ಪುಣ್ಯ ಕಟ್ಟಿಕೊಂಡ ಖುಷಿಯಲ್ಲಿ ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದ.

ಅವತ್ತು ಅವನಿಗೆ ಪುಣ್ಯದ ಅಗತ್ಯವೂ ಇತ್ತು. ಮಹಡಿಯ ಮೇಲೆ ಮಗಳು ರಿಹಾಬ್ ಬೆಳಗಿನಿಂದ ತಿಂಡಿ ಮುಟ್ಟಿರಲಿಲ್ಲ. ಕೃತಕ ಬುದ್ಧಿಮತ್ತೆಯಿಂದ ಜನರಿಗೆ ಕೆಡುಕಾಗದೆ ಒಳಿತಾಗುವುದು ಹೇಗೆಂದು ಹುಡುಕುವ ಆರು ತಿಂಗಳ ಫೆಲೋಶಿಪ್‌ಗೆ ಅವಳೂ ಸೇರಿ ಐದು ಜನ ಕೊನೆಯ ಸುತ್ತಿಗೆ ಬಂದಿದ್ದರು. ಜಾಗ ಒಂದೇ. ಉಳಿದ ನಾಲ್ವರನ್ನು ನೋಡಿ ಮುಗಿಸಿದ್ದ, ಆಯ್ಕೆ ಮಾಡಬೇಕಾದ ಡಾಕ್ಟರ್ ಇಸ್ಮತ್ ಇವತ್ತು ಹನ್ನೊಂದಕ್ಕೆ ಕೈರೋದಿಂದ ಬಂದು, ಒಂದೂಕಾಲರ ರೈಲಿಗೆ ವಾಪಸು ಹೋಗುವುದಿತ್ತು. ಅವರವರ ಓದುವ ಮೇಜನ್ನು ಕಣ್ಣಾರೆ ಕಾಣದೆ ಯಾರನ್ನೂ ಆರಿಸುವುದಿಲ್ಲವಂತೆ. ಡಾಕ್ಟರ್ ಎಂದರೆ ಟೈ ಕಟ್ಟಿಕೊಂಡು ಕಾರಿನಲ್ಲಿ ಇಳಿಯುವ ದಪ್ಪ ಮನುಷ್ಯ ಎಂದುಕೊಂಡಿದ್ದ ಬಯೂಮಿ, ಓಣಿಗೆ ಬಂದ ಪ್ರತಿ ಕಾರನ್ನೂ ಬಗ್ಗಿ ನೋಡುತ್ತಿದ್ದ.

ಹನ್ನೆರಡಾದರೂ ಯಾರೂ ಇಳಿಯಲಿಲ್ಲ. ರಿಹಾಬ್ ಕೆಳಗಿಳಿದು ಬಂದಳು. ಮುಖ ಬಾಡಿತ್ತು.

"ಅಪ್ಪಾ, ನಮ್ಮನೆ ಕೇಳ್ಕೊಂಡು ಯಾರೂ ಬರ್ಲಿಲ್ವಾ?"

"ಇಲ್ಲ ಮಗಳೇ. ಯಾರೋ ಒಬ್ಬಮ್ಮ ಹುತಾತ್ಮ ವಗ್ದೀ ರಸ್ತೆ ಕೇಳಿದ್ಳು. ದಾರಿ ತೋರಿಸಿ ಕಳಿಸ್ದೆ."

"ಅಪ್ಪಾ! ಡಾಕ್ಟರ್ ಇಸ್ಮತ್ ಹೆಂಗಸು! ಹುತಾತ್ಮ ವಗ್ದೀ ರಸ್ತೆ ಅಂದ್ರೆ ನಮ್ಮ ಓಣೀನೇ! ಸರ್ಕಾರಿ ಹೆಸರು ಅದು, ಅರ್ಜೀಲಿ ಅದನ್ನೇ ಬರೆದಿದ್ದೆ!"

"ಇದು ಗಾಣದ ಓಣಿ ಅಲ್ವೇನೇ?" ಎಂದವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. ಮರುಕ್ಷಣ ಚಪ್ಪಲಿಯಲ್ಲೇ ಓಡಿದ. ಹುರಿಗಡಲೆ ಅಂಗಡಿಯವನು ಅವಳನ್ನು ಎಡಕ್ಕೆ ಕಳಿಸಿದ್ದ, ಹಣ್ಣಿನವನು ಮಸೀದಿ ಕಡೆಗೆ, ಮಸೀದಿ ಮುಂದಿನ ಪೊಲೀಸಿನವನು ಸೇತುವೆ ಕಡೆಗೆ. ಎಲ್ಲರೂ ಅಷ್ಟೇ ಪ್ರೀತಿಯಿಂದ. ಕೊನೆಗೆ ಡಾಕ್ಟರ್ ಇಸ್ಮತ್ ಸಿಕ್ಕಿದ್ದು ರೈಲು ನಿಲ್ದಾಣದ ಮೆಟ್ಟಿಲ ಮೇಲೆ. ಕೈಯಲ್ಲಿ ವಾಪಸು ಟಿಕೆಟ್ಟು, ಮಡಿಲಲ್ಲಿ ದಾಕ್ಷಿಣ್ಯಕ್ಕೆ ಕೊಂಡ ಹುರಿಗಡಲೆ ಪೊಟ್ಟಣ. ಬಯೂಮಿ ಏದುಸಿರಿನಲ್ಲೇ ಕೈಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಆಟೊ ಹತ್ತಿಸಿದ.

ಉಳಿದದ್ದು ಇಪ್ಪತ್ತೇ ನಿಮಿಷ. ಬಯೂಮಿ ದಾಸವಾಳದ ಶರಬತ್ತಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತ. ಒಳಗೆ ರಿಹಾಬಳ ಮಾತು ಮೊದಲು ತಡವರಿಸಿತು, ಆಮೇಲೆ ಅವಳಿಗೆ ಮೈಮೇಲೆ ಬಂದ ಹಾಗಾಯಿತು. "ಗೊತ್ತಿಲ್ಲದ್ದನ್ನ ಕೇಳಿದ್ರೂ ಯಂತ್ರ ಏನೋ ಒಂದು ಹೇಳಿಬಿಡುತ್ತೆ ಮೇಡಂ, ಅದೂ ಧೈರ್ಯವಾಗಿ. ಸುಳ್ಳು ಹೇಳ್ಬೇಕಂತ ಅಲ್ಲ. ಉತ್ತರ ಕೊಟ್ಟಾಗೆಲ್ಲ ನಾವು ಬೆನ್ನು ತಟ್ಟಿದ್ವಿ, ಗೊತ್ತಿಲ್ಲ ಅಂದಾಗ ತಟ್ಟಲೇ ಇಲ್ಲ. ರೋಗಿ ಔಷಧಿ ಕೇಳ್ತಾನೆ ಅಂದ್ಕೊಳ್ಳಿ, ಆಗ ಅವನ ಗತಿ ಏನು? ಯಂತ್ರಕ್ಕೆ 'ಗೊತ್ತಿಲ್ಲ' ಅನ್ನೋದನ್ನ ಕಲಿಸೋದೇ ನನ್ನ ಕೆಲಸ."

"ಮೆಚ್ಚಿಸೋಕೆ ಹೋಗಿ ತಪ್ಪು ಹೇಳುತ್ತೆ ಅಂತೀರಿ. ಯಂತ್ರ ಬಿಡಿ, ಮನುಷ್ಯರಲ್ಲಿ ಹಾಗೆ ನೋಡಿದ್ದೀರಾ? ಒಂದು ಉದಾಹರಣೆ ಕೊಡಿ."

ರಿಹಾಬ್ ಬಾಗಿಲ ಕಡೆ ನೋಡಿದಳು, ತಲೆ ತಗ್ಗಿಸಿದಳು. ನಾಲಿಗೆ ತುದಿಯಲ್ಲಿದ್ದ ಉತ್ತರವನ್ನು ಹುಡುಗಿ ನುಂಗಿಕೊಳ್ಳುತ್ತಿರುವುದು ಬಯೂಮಿಗೆ ಕಾಣಿಸಿತು.

"ಹೇಳೇ, ಅಪ್ಪ ಅಂತ ನಾಚ್ಕೋಬೇಡ!" ಎಂದು ತಟ್ಟೆ ಸಮೇತ ಒಳಗೆ ನುಗ್ಗಿದ. "ನಾನೇ ಮೇಡಂ ಆ ಉದಾಹರಣೆ. ನೀವು ನಿಂತಿದ್ದ ರಸ್ತೇನೇ ಕೇಳಿದ್ರಿ, ನಾನು ಊರು ಸುತ್ತಿಸ್ದೆ. ಗೊತ್ತಿಲ್ಲ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಅಷ್ಟೇ, ದೇವರಾಣೆಗೂ ಬೇರೇನಿಲ್ಲ."

ಡಾಕ್ಟರ್ ಇಸ್ಮತ್ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಗು ನಿಂತ ಮೇಲೆ ಪುಸ್ತಕದಲ್ಲಿ ಏನೋ ಬರೆದುಕೊಂಡಳು. "ನಿಮ್ಮ ಉಪಾಯ ಫಲಿಸುತ್ತಾ ರಿಹಾಬ್?" ಎಂದಳು. "ಗೊತ್ತಿಲ್ಲ ಮೇಡಂ. ಮಾಡಿ ನೋಡಿ ಹೇಳ್ತೀನಿ," ಎಂದಳು ರಿಹಾಬ್. ಡಾಕ್ಟರ್ ಇಸ್ಮತ್ ಗಡಿಯಾರ ನೋಡಿ ಎದ್ದಳು.

ಓಣಿಯ ಬಾಯಲ್ಲಿ ಆಟೊ ಹತ್ತುತ್ತ ಅವಳು ತಿರುಗಿ ಕೇಳಿದಳು: "ಹಾಜಿ, ಕೈರೋ ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತೆ?"

ಬಯೂಮಿಯ ಬಲಗೈ ಸರ್ರನೆ ಮೇಲೆದ್ದಿತು. ಅರ್ಧಕ್ಕೇ ಅದನ್ನು ಎಡಗೈಯಿಂದ ಹಿಡಿದು, ಕಳ್ಳನನ್ನು ಎಳೆದ ಹಾಗೆ ಕೆಳಗೆಳೆದುಕೊಂಡ. ಮುಖ ಕೆಂಪಾಯಿತು. "ಗೊತ್ತಿಲ್ಲ ತಾಯಿ," ಎಂದ. ಎದುರಿನ ಕ್ಷೌರದಂಗಡಿಯಿಂದ "ಮೂರನೇದು!" ಎಂದು ಒಬ್ಬ ಕೂಗಿದ, "ಐದನೇದು!" ಎಂದು ಸೋಪು ಹಚ್ಚಿಸಿಕೊಂಡಿದ್ದ ಇನ್ನೊಬ್ಬ.

"ಆ ಒಂದು ಮಾತು ಕಲಿಯೋಕೆ ಎಷ್ಟು ವರ್ಷ ಹಿಡೀತು ಹಾಜಿ?"

"ಅರವತ್ತೆರಡು."

"ನಿಮ್ಮ ಮಗಳಿಗೆ ಸಿಗೋದು ಆರೇ ತಿಂಗಳು. ಒಂದನೇ ತಾರೀಖು ಕೈರೋಗೆ ಕಳಿಸಿಕೊಡಿ."