ಒಳಗೆ ಒಬ್ಬರು, ಹೊರಗೆ ಒಬ್ಬರು

ಆಸ್ಪತ್ರೆಯ ಹೊಸ ಸಾಫ್ಟ್‌ವೇರಿನ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದರು. ತುಂಬ ಚೌಕಗಳು, ಬಾಣಗಳು. ಡಾಕ್ಟರುಗಳೆಲ್ಲ ತಲೆಯಾಡಿಸಿ ಸಹಿ ಹಾಕಿದ್ದರು. ಹೆಡ್ ನರ್ಸ್ ಗುಲಾಬಿಯಮ್ಮ ಮಾತ್ರ ಹಾಕಿರಲಿಲ್ಲ.

"ಇದೆಲ್ಲ ನಿಮಗೆ ಅರ್ಥವಾಗಲ್ಲ ಬಿಡಿ ಸಿಸ್ಟರ್. ಸುಮ್ಮನೆ ಸಹಿ ಹಾಕಿ," ಎಂದ ಇಂಜಿನಿಯರ್.

"ಅರ್ಥವಾಗದ್ದಕ್ಕೆ ನಾನು ಸಹಿ ಹಾಕಲ್ಲ. ಬಿಡಿಸಿ ಹೇಳಪ್ಪ."

ಅವನು ನಿಟ್ಟುಸಿರುಬಿಟ್ಟ. "ಈ ಚೌಕದಲ್ಲಿ ಒಬ್ಬರು ಅಡ್ಮಿಟ್ ಆದರೆ, ಆ ಚೌಕದಿಂದ ಒಬ್ಬರೇ ಡಿಸ್ಚಾರ್ಜ್. ಎರಡೂ ಹೊಂದದಿದ್ದರೆ ಡಿಸ್ಚಾರ್ಜ್ ಚೀಟಿಯೇ ಬರಲ್ಲ. ಈಗ ಅರ್ಥವಾಯ್ತಾ?"

"ಚೆನ್ನಾಗಿ ಅರ್ಥವಾಯ್ತು. ಅದಕ್ಕೇ ಹಾಕಲ್ಲ."

"ಯಾಕೆ? ಏನು ತಪ್ಪಿದೆ ಇದರಲ್ಲಿ?"

ಗುಲಾಬಿಯಮ್ಮ ಪೆನ್ನಿಗೆ ಮುಚ್ಚಳ ಹಾಕಿ ಅವನ ಕೈಗಿಟ್ಟರು.

"ಇದು ಹೆರಿಗೆ ಆಸ್ಪತ್ರೆ ಕಣಪ್ಪಾ. ಇಲ್ಲಿ ಒಬ್ಬಳಾಗಿ ಬಂದವಳು ಇಬ್ಬರಾಗಿ ಹೋಗ್ತಾಳೆ."