ಬೆಟ್ಟದ ಮೇಲಿನ ದೇವರ ಹೆಸರು

ಎದುರಿಗೆ ಆನೆ ನಿಂತರೂ ಸೊಂಡಿಲು ತಡವಿ ನೋಡಬೇಕು, ಅಂಥ ಮಂಜು. ಇಳಿಯುವ ದಾರಿ ಕಾಣದೆ ಸರಕು ವಿಮಾನ ರನ್‌ವೇ ಪಕ್ಕದ ರಾಗಿ ಹೊಲಕ್ಕೆ ಬಿದ್ದು ಮೂರು ಹೋಳಾಗಿತ್ತು. ಪೈಲಟ್‌ಗಳಿಬ್ಬರೂ ಜೀವಂತ ಸಿಕ್ಕಿದ್ದರು. ಅದರಲ್ಲಿ ಬಂದ ರೇಸಿನ ಕುದುರೆಯೂ ಪೈರು ಮೇಯುತ್ತಾ ಸಿಕ್ಕಿತ್ತು. ಕುದುರೆಯ ಜೊತೆ ಬಂದ ಲಾಯದಾಳು ಮಾತ್ರ ಸಿಕ್ಕಿರಲಿಲ್ಲ. ಅವನಿಗಾಗಿ ಗೇಟಿನ ಬಳಿ ಕಾದಿದ್ದ ಹೆಂಡತಿ ಅಕ್ಕಯ್ಯಮ್ಮ ಸದ್ದು ಕೇಳಿ ಎದ್ದುಬಿದ್ದು ಓಡಿಬಂದಿದ್ದಳು. ಈಗ ನಿಂತಲ್ಲಿ ನಿಲ್ಲಲಾರಳು.

"ಎಲ್ಲೋ ಪ್ರಜ್ಞೆ ತಪ್ಪಿ ಬಿದ್ದಿರ್ತಾನಮ್ಮ. ಹೆಸರು ಹಿಡಿದು ಕೂಗಿದ್ರೆ ಎಚ್ಚರ ಆಗ್ಬೋದು. ವಿಮಾನದ ಪಟ್ಟೀಲಿ ಅವನ ಹೆಸರೇ ಬರೆದಿಲ್ಲ. ಏನು ಹೆಸರು?" ಎಂದ ಅಗ್ನಿಶಾಮಕದ ಸಾಹೇಬ.

"ಅಯ್ಯೋ, ಗಂಡನ ಹೆಸ್ರು ಹೇಳೋದುಂಟಾ ಸ್ವಾಮಿ? ಆಯಸ್ಸು ಕಮ್ಮಿ ಆಗ್ತದೆ. ಏಳು ಬೆಟ್ಟದ ಮ್ಯಾಲವ್ನಲ್ಲ, ಆ ದೇವ್ರ ಹೆಸ್ರು."

"ವೆಂಕಟೇಶಾ!" ಸಾಹೇಬ ಮಂಜಿನತ್ತ ಕೂಗಿದ.

"ಅದಲ್ಲ."

"ಶ್ರೀನಿವಾಸಾ!"

"ಅದೂ ಅಲ್ಲ."

"ಆ ದೇವರಿಗೆ ಸಾವಿರ ಹೆಸರಮ್ಮ! ಅಷ್ಟೂ ಕೂಗೋ ಹೊತ್ತಿಗೆ ನಿನ್ನ ಗಂಡ ಅವನ ಪಾದವೇ ಸೇರ್ತಾನೆ!"

ಅಕ್ಕಯ್ಯಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಮೂವತ್ತೆಂಟು ವರ್ಷ ಗಂಟಲಲ್ಲೇ ಕೂತಿದ್ದ ಹೆಸರು ಏಳು ಊರಿಗೆ ಕೇಳುವಂತೆ ಹೊರಬಿತ್ತು.

"ತಿಮ್ಮರಾಯಪ್ಪೋ!"

ಎಲ್ಲರೂ ಮಂಜಿನತ್ತ ಕಿವಿಗೊಟ್ಟರು. ಬೇಲಿಯಾಚೆಯ ಹುಲ್ಲಿನ ಬಣವೆಯ ಕಡೆಯಿಂದ ಒಂದು ನರಳಾಟ ಕೇಳಿತು, ಅದರ ಬೆನ್ನಿಗೇ ಒಂದು ಗದರಿಕೆ:

"ಲೇ, ನಿನ್ ಗಂಡ ಇನ್ನೂ ಬದುಕವ್ನೆ ಕಣೇ! ಅಷ್ಟ್ರಲ್ಲೇ ಹೆಸ್ರು ಹಿಡಿದು ಕರೀತೀಯಾ?"