ಬಾಯಿ ಕಡೆಯ ಬಾಗಿಲು

ಮೂರನೆಯ ಕ್ಯಾಬೂ ಕ್ಯಾನ್ಸಲ್ ಆದಾಗ, ಗುರುಗ್ರಾಮದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿದ್ದ ಹರ್ಷಿಣಿ ಅಳುವುದೊಂದೇ ಬಾಕಿ. ಬೆಳಗಿನ ಜಾವದ ಮಳೆಗೆ ಹೆದ್ದಾರಿಯಲ್ಲಿ ಮೊಣಕಾಲುದ್ದ ನೀರು. ಹತ್ತೂವರೆಗೆ ಕನ್ನಾಟ್ ಪ್ಲೇಸಿನ ಹೆಡ್ಡಾಫೀಸಿನಲ್ಲಿ ಪ್ರಮೋಷನ್ ಇಂಟರ್‌ವ್ಯೂ. ಎರಡು ವರ್ಷ ಕಾದು ಸಿಕ್ಕಿದ್ದು, ತಪ್ಪಿದರೆ ಇನ್ನೆರಡು ವರ್ಷ ಕಾಯಬೇಕು. ಈಗಾಗಲೇ ಒಂಬತ್ತು ಹತ್ತು.

"ಮೆಟ್ರೋದಲ್ಲಿ ಹೋಗೋಣ ನಡಿ," ಎಂದರು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಅಮ್ಮ ರತ್ನಪ್ರಭಾ.

ಹರ್ಷಿಣಿಗೆ ರೇಗಿತು. ಆರು ವರ್ಷದ ಹಿಂದೆ ಒಮ್ಮೆ ಆ ನೂಕುನುಗ್ಗಲಿನಲ್ಲಿ ಇಳಿಯಲಾಗದೆ ಮೂರು ಸ್ಟೇಷನ್ ಮುಂದಕ್ಕೆ ಹೋದವಳು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ಇನ್ನು ಅಮ್ಮನೋ, ಒಂದು ತಿಂಗಳಿದ್ದು ಹೋಗಲು ಹಾಸನದಿಂದ ಬಂದವರು, ಇವತ್ತಿಗೆ ಇಪ್ಪತ್ತೆಂಟು ದಿನ. ಹಿಂದಿ ಬರುವುದಿಲ್ಲ, ಎಲ್ಲಾದರೂ ಕಳೆದುಹೋದಾರು ಎಂದು ಮಗಳು ಮೊದಲ ದಿನವೇ ಗೇಟು ದಾಟಬಾರದೆಂದು ಅಪ್ಪಣೆ ಮಾಡಿದ್ದಳು. ಅಕ್ಕಪಕ್ಕದ ಫ್ಲ್ಯಾಟಿನ ಗೆಳತಿಯರು ಬಂದಾಗ, ಅಮ್ಮ ಟ್ರಾನ್ಸ್‌ಪೋರ್ಟ್ ಇಲಾಖೆಯಲ್ಲಿದ್ದರು ಎಂದು ಪರಿಚಯ ಮಾಡಿಸಿದ್ದಳು. ಇಪ್ಪತ್ನಾಲ್ಕು ವರ್ಷ ಹಾಸನ–ಅರಸೀಕೆರೆ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರಮ್ಮ ಅದನ್ನು ಕೇಳಿಸಿಕೊಂಡು ಎಲ್ಲರಿಗೂ ಟೀ ತಂದಿಟ್ಟಿದ್ದರು. ನೋವಾಗಿತ್ತು. ಆದರೆ ಹೇಳಿಕೊಳ್ಳುವ ಜಾಯಮಾನವಲ್ಲ.

ಸ್ಟೇಷನ್ನಿನಲ್ಲಿ ಮಗಳು ಟಿಕೆಟ್ಟಿಗೆಂದು ಫೋನಿನಲ್ಲಿ ತಡಕಾಡುತ್ತಿರುವಾಗಲೇ ಅಮ್ಮ ಸೊಂಟದ ಪರ್ಸಿನಿಂದ ಮೆಟ್ರೋ ಕಾರ್ಡ್ ತೆಗೆದು, ಟಪ್ಪೆಂದು ಒತ್ತಿ, ಗೇಟಿನಾಚೆ ನಿಂತಿದ್ದರು. ಹರ್ಷಿಣಿ ಬಿಟ್ಟ ಬಾಯಿ ಮುಚ್ಚಲಿಲ್ಲ.

ನೀನು ಆಫೀಸಿಗೆ ಹೋದ ಮೇಲೆ ದಿನಕ್ಕೊಂದು ಟ್ರಿಪ್ ಹೊಡೆಯುತ್ತಿದ್ದೆ ಎಂದು ರತ್ನಪ್ರಭಾ ರೈಲಿನಲ್ಲಿ ಒಪ್ಪಿಕೊಂಡರು. ಹೆಂಗಸರಿಗೆಂದೇ ಇರುವ ಮೊದಲನೆಯ ಬೋಗಿ ಎಲ್ಲಿ ನಿಲ್ಲುತ್ತದೆಂದು ಅಳೆದಿಟ್ಟ ಹಾಗೆ ಗೊತ್ತಿತ್ತು ಅವರಿಗೆ. ಕೆಂಪುಕೋಟೆಯನ್ನೂ ನೋಡಿದ್ದರು, ಅಂಥಾದ್ದೇನೂ ಅನ್ನಿಸಿರಲಿಲ್ಲ. ಕಂಡಕ್ಟರೇ ಇಲ್ಲದೆ ಇಷ್ಟೊಂದು ಜನ ಹತ್ತಿ ಇಳಿಯುವುದನ್ನು ನೋಡುವುದಕ್ಕೇ ಎಷ್ಟೋ ಸಲ ಹೋಗಿದ್ದರು. ಮುಖರ್ಜಿ ನಗರದಲ್ಲಿ ಪರೀಕ್ಷೆಗೆ ಓದುತ್ತಿರುವ, ಡಿಪೋದ ಡ್ರೈವರ್ ಮುರಳೀಧರನ ಮಗಳು ಸಿಂಧೂರಳಿಗೆ ಚಟ್ನಿಪುಡಿ ಕೊಟ್ಟು ಬಂದದ್ದೂ ಆಗಿತ್ತು. ಇವತ್ತೂ ಇದೇ ರೈಲಿನಲ್ಲಿ ಮುಂದಕ್ಕೆ ಅತ್ತ ಹೋಗುವವರೇ, ಕೈಚೀಲದಲ್ಲಿ ಡಬ್ಬಿ ಇತ್ತು.

"ಒಂದೇ ಕಷ್ಟ ಆಗಿದ್ದು ಕಣೆ. ಬಾಗಿಲು ಬಾಯೀಂ ಕಡೆ ತೆಗೆಯುತ್ತೆ ಅಂತಾಳಲ್ಲ ಸ್ಪೀಕರಿನೋಳು, ನಾನು ಬಾಯಿ ಅಂದ್ರೆ ಊಟ ಮಾಡೋ ಕೈ ಕಡೆ ಅಂದ್ಕೊಂಡೆ. ಎರಡು ದಿನ ತಪ್ಪು ಬಾಗಿಲಿಗೆ ಮುಖ ಹಾಕ್ಕೊಂಡು ನಿಂತಿದ್ದೆ. ಸಿಂಧೂರ ಹೇಳಿದ್ಲು, ಹಿಂದೀಲಿ ಅದು ಎಡಗಡೆ ಅಂತೆ. ಇನ್ನು ಇಂಗ್ಲಿಷಲ್ಲಿ ರೈಟ್ ಅಂದ್ರೆ ಸಾಕು, ಇಳಿಯೋರು ಇಳಿಯೋಕೆ ಮೊದಲೇ ಗಾಡಿ ಹೊರಟುಬಿಡ್ತು ಅಂತ ಎದೆ ಧಸಕ್ ಅನ್ನೋದು."

ಅಷ್ಟು ಆತಂಕದಲ್ಲೂ ಹರ್ಷಿಣಿಗೆ ನಗು ಬಂತು. ಆದರೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಜನ ತುಂಬುತ್ತಾ ಹೋಗಿ, ಅವಳು ಬೋಗಿಯ ನಡುವಿಗೆ ಸರಿದು, ಅಮ್ಮ ಎಲ್ಲೋ ಹಿಂದೆ ಉಳಿದರು. ಕನ್ನಾಟ್ ಪ್ಲೇಸಿಗೆ ಇಳಿಯಬೇಕಾದ ರಾಜೀವ್ ಚೌಕ್ ಬಂದಾಗ ಹತ್ತು ಗಂಟೆ ಹನ್ನೆರಡು ನಿಮಿಷ. ದರ್ವಾಜೇ ಬಾಯೀಂ ತರಫ್ ಖುಲೇಂಗೇ, ಎಂದಿತು ಸ್ಪೀಕರ್. ಎಡಗಡೆಯ ಬಾಗಿಲು ತೆರೆದದ್ದೇ ತಡ, ಇಳಿಯುವವರನ್ನು ಒಳಕ್ಕೆ ದಬ್ಬಿಕೊಂಡು ಹತ್ತುವವರು ನುಗ್ಗಿದರು. ಹರ್ಷಿಣಿ ಮೂರು ಸಲ ಎಕ್ಸ್‌ಕ್ಯೂಸ್ ಮೀ ಎಂದಳು. ಯಾರೂ ಅಲುಗಲಿಲ್ಲ. ಆರು ವರ್ಷದ ಹಿಂದಿನ ಕಥೆಯೇ ಮತ್ತೆ ಆಗುವಂತಿತ್ತು.

ಆಗ ಹಿಂದಿನಿಂದ ಆ ದನಿ ಬಂತು. ಸಂತೆಯ ದಿನದ ಬಸ್ಸಿನಲ್ಲಿ ಫುಟ್‌ಬೋರ್ಡಿನಿಂದ ಡ್ರೈವರಿನವರೆಗೆ ಕೇಳಿಸುತ್ತಿದ್ದ ದನಿ.

"ಹೋಲ್ಡಾನ್. ಇಳಿಯೋರಿಗೆ ಮೊದ್ಲು ದಾರಿ ಬಿಡ್ರೀ, ಹತ್ತೋರು ಆಮೇಲೆ ಹತ್ತಿ. ಏ ಕೆಂಪು ಬ್ಯಾಗು, ಡೋರ್ ಬಿಟ್ಟು ಪಕ್ಕಕ್ಕೆ ನಿಲ್ಲಮ್ಮ."

ದಿಲ್ಲಿಯ ಹೆಂಗಸರಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಆದರೂ ಎಲ್ಲರೂ ಸರಿದರು. ಕೆಂಪು ಬ್ಯಾಗಿನ ಹುಡುಗಿ ಡೋರ್ ಬಿಟ್ಟು ಪಕ್ಕಕ್ಕೆ ನಿಂತಳು. ತೆರೆದ ದಾರಿಯಲ್ಲಿ ಹರ್ಷಿಣಿ, ಮಡಿಕೆ ಕೆಡದ ಸೀರೆಯಲ್ಲಿ, ಪ್ಲಾಟ್‌ಫಾರ್ಮಿಗೆ ಇಳಿದಳು. ಅವಳ ಬೆನ್ನಿಗೇ ಇನ್ನೂ ಹತ್ತು ಜನ ಇಳಿದರು.

ಜೊತೆಯಲ್ಲಿ ಇಳಿದ ಹೆಂಗಸೊಬ್ಬಳು ನಗುತ್ತಾ, ಆ ಆಂಟಿ ಯಾರೆಂದು ಹಿಂದಿಯಲ್ಲಿ ಕೇಳಿದಳು. ಟ್ರಾನ್ಸ್‌ಪೋರ್ಟ್ ಎಂಬ ಮಾತು ಹರ್ಷಿಣಿಯ ನಾಲಿಗೆಯವರೆಗೆ ಬಂದು ಅಲ್ಲೇ ಹಿಂದಿರುಗಿತು.

"ಮೇರೀ ಮಾ," ಎಂದಳು, ಬಾಗಿಲಿನ ಹತ್ತಿರಕ್ಕೆ ಬಂದು ನಿಂತಿದ್ದ ಅಮ್ಮನಿಗೂ ಕೇಳಿಸುವಷ್ಟು ಜೋರಾಗಿ. "ಕಂಡಕ್ಟರ್ ಹೈ."

ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ರತ್ನಪ್ರಭಾ ಬೆನ್ನು ನೆಟ್ಟಗೆ ಮಾಡಿ ಬೋಗಿಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಅಂಗೈಯಿಂದ ಬಾಗಿಲಿಗೆ ಎರಡು ಸಲ ತಟ್ಟಿ, ರೈಟ್ ಎಂದರು.

ರೈಲು ಹೊರಟಿತು.